ಸೂರಿನ ದೋಣಿ ಸೋರುತ್ತಿದೆಯೇ? ನೀರು ಬೀಳುವ ಜಾಗ ನೋಡಿ ದೋಷ ಹುಡುಕುವ ಕ್ರಮ

ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಯ ಹಂಚಿನ ಮನೆಯಿರಲಿ, ಹುಬ್ಬಳ್ಳಿಯ ಹೊಸ ಮನೆಯ ಮುಂದೆ ಇಳಿಸಿದ ಪತ್ರಾಸಿನ (ತಗಡು ಅಥವಾ ಸಿಮೆಂಟ್ ಹಾಳೆಯ) ಚಾವಣಿಯಿರಲಿ, ಮುಂಗಾರಿ ಹಿಡಿದ ಮೊದಲ ವಾರದಲ್ಲಿ ಕೇಳಿಬರುವ ದೂರು ಒಂದೇ: ದೋಣಿ ಸೋರುತ್ತಿದೆ. ಇಲ್ಲಿ ದೋಣಿ ಎಂದರೆ ಸೂರಿನ ಅಂಚಿಗುಂಟ ಕಟ್ಟಿದ, ಚಾವಣಿಯ ನೀರನ್ನು ಹಿಡಿದು ಇಳಿಪೈಪಿಗೆ ಒಪ್ಪಿಸುವ ತಗಡಿನ ಅಥವಾ ಪಿವಿಸಿಯ ಕಾಲುವೆ. ಓಣಿಯ ಬದಿಯ ಗಟಾರವಲ್ಲ. ಸೋರುತ್ತಿದೆ ಎಂಬ ಆ ಒಂದು ಮಾತಿನ ಹಿಂದೆ ಆರೇಳು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಹೊಸ ದೋಣಿ ಬೇಕಾಗುವುದಿಲ್ಲ, ಒಂದು ಏಣಿ, ಒಂದು ಬಕೀಟು ನೀರು ಮತ್ತು ಅರ್ಧ ದಿನದ ಕೆಲಸ ಸಾಕಾಗುತ್ತದೆ.

ಏಣಿ ಹತ್ತುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಮಳೆ ಬೀಳುವಾಗ ಹತ್ತು ನಿಮಿಷ ಕಿಟಕಿಯಲ್ಲೋ ಪಡಸಾಲೆಯಲ್ಲೋ ನಿಂತು, ನೀರು ಎಲ್ಲಿಂದ ಬೀಳುತ್ತಿದೆ ಎಂದು ಸುಮ್ಮನೆ ನೋಡಬೇಕು. ನಮ್ಮ ಭಾಗದ ಮಳೆ ಎರಡು ಬಗೆಯದು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಬರುವ ಅಡ್ಡಮಳೆ ಅರ್ಧ ತಾಸಿನಲ್ಲಿ ಸುರಿದು ಹೋಗುತ್ತದೆ. ಅದು ದೋಣಿ ಎಷ್ಟು ನೀರು ತಾಳಬಲ್ಲದು ಎಂದು ಪರೀಕ್ಷಿಸುತ್ತದೆ. ಆರಿದ್ರೆಯಿಂದ ಪುಷ್ಯ ಮಳೆಯವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಆರಂಭದವರೆಗೆ, ಧಾರವಾಡದಲ್ಲಿ ದಿನಗಟ್ಟಲೆ ಹಿಡಿಯುವ ಜಿಟಿಜಿಟಿ ಮಳೆ ಪರೀಕ್ಷಿಸುವುದು ಕೀಲುಗಳನ್ನು, ಹಂಚಿನ ತುದಿಯನ್ನು, ಸೂರಿನ ಹಲಗೆಯನ್ನು. ಜೋರು ಮಳೆಯಲ್ಲಿ ಮಾತ್ರ ಕಾಣುವ ದೋಷ ಯಾವುದು, ಜಿಟಿಜಿಟಿ ಮಳೆಯಲ್ಲಿ ಮಾತ್ರ ಕಾಣುವುದು ಯಾವುದು ಎಂದು ಗುರುತಿಸಿಕೊಂಡರೆ ಅರ್ಧ ರೋಗ ಪತ್ತೆಯಾದಂತೆ. ಇಷ್ಟನ್ನೂ ನೋಡದೆ ಸೀದಾ ಡಾಂಬರು ಹಚ್ಚಲು ಹೊರಡುವವರೇ ನಮ್ಮಲ್ಲಿ ಹೆಚ್ಚು.

ಹತ್ತುವ ಮುನ್ನ

ಮಳೆಯಲ್ಲಿ, ಗಾಳಿಯಲ್ಲಿ, ಸಿಡಿಲಿನ ಸದ್ದು ಕೇಳುತ್ತಿರುವಾಗ ಏಣಿ ಹತ್ತಬಾರದು. ಮಳೆಯಲ್ಲಿ ನೋಡುವುದು, ಒಣಗಿದ ಮೇಲೆ ದುರಸ್ತಿ ಮಾಡುವುದು ಎಂಬ ಕ್ರಮವನ್ನು ಎಂದೂ ತಿರುವುಮುರುವು ಮಾಡಬಾರದು. ಏಣಿಯ ಬುಡವನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯ ಲೆಕ್ಕದಲ್ಲಿ ಗೋಡೆಯಿಂದ ದೂರ ಇಡಬೇಕು. ಕೆಳಗೆ ಒಬ್ಬರು ಹಿಡಿದುಕೊಂಡೇ ಇರಬೇಕು. ಏಣಿಯನ್ನು ದೋಣಿಗೇ ಒರಗಿಸಿದರೆ ಪಿವಿಸಿ ಸೀಳುತ್ತದೆ, ತಗಡು ಮಡಚುತ್ತದೆ, ಏಣಿಯೂ ಪಕ್ಕಕ್ಕೆ ಜಾರುತ್ತದೆ, ಗೋಡೆಗೆ ಒರಗಿಸಿ.

ಕಂಬದಿಂದ ಮನೆಗೆ ಬರುವ ವಿದ್ಯುತ್ ತಂತಿ ಹಳೆಯ ಮನೆಗಳಲ್ಲಿ ಸೂರಿನ ಹತ್ತಿರವೇ ಹಾದಿರುತ್ತದೆ. ಅಂಥ ಕಡೆ ಅಲ್ಯೂಮಿನಿಯಂ ಏಣಿ, ಕಬ್ಬಿಣದ ಸರಳು, ಒದ್ದೆ ಬಿದಿರು ಯಾವುದನ್ನೂ ಬಳಸಬಾರದು. ತಂತಿ ದೋಣಿಯ ಲೋಹಕ್ಕೆ ತಾಗಿದ್ದರೆ, ಅಥವಾ ಉಕ್ಕಿದ ನೀರು ಮೀಟರ್ ಪೆಟ್ಟಿಗೆಯ ಮೇಲೆ ಇಳಿಯುತ್ತಿದ್ದರೆ, ದೋಣಿ, ಪೈಪು, ಪೆಟ್ಟಿಗೆ ಯಾವುದನ್ನೂ ಮುಟ್ಟದೆ ವಿದ್ಯುತ್ ಕಂಪನಿ ಹೆಸ್ಕಾಂನ 1912 ಸಂಖ್ಯೆಗೆ ಕರೆ ಮಾಡಬೇಕು. ಸಿಮೆಂಟ್ ಪತ್ರಾಸಿನ ಮೇಲೆ, ಎಷ್ಟೇ ಗಟ್ಟಿಯಾಗಿ ಕಂಡರೂ, ಕಾಲಿಡಬಾರದು. ಹಳೆಯದಾದಂತೆ ಅದು ಹಪ್ಪಳದಂತೆ ಮುರಿಯುತ್ತದೆ. ಅಂಥ ಹಳೆಯ ಹಾಳೆಗಳಲ್ಲಿ ಕಲ್ನಾರು ಇರುವುದರಿಂದ ಒಣಗಿದ್ದಾಗ ತಂತಿಯ ಬ್ರಷ್ಷಿನಿಂದ ಉಜ್ಜುವುದು ಪುಪ್ಪುಸಕ್ಕೆ ಅಪಾಯಕರ. ದೋಣಿಯ ಕಸಕ್ಕೆ ನೀರು ಚಿಮುಕಿಸಿ, ತೋಯ್ದ ಮೇಲೆ ತೆಗೆಯಿರಿ. ಒಣ ಎಲೆಯ ರಾಶಿಯಲ್ಲಿ ಚೇಳು ಇರುವುದು ಅಪರೂಪವಲ್ಲ, ಆದ್ದರಿಂದ ದಪ್ಪ ಕೈಗವಸು ಹಾಕಿಕೊಳ್ಳದೆ ಕೈ ಹಾಕಬೇಡಿ. ಸೂರಿನ ಕೆಳಗೆ ಕಣಜದ ಗೂಡು ಕಂಡರೆ ಆ ದಿನದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ.

ಲಕ್ಷಣ: ಜೋರು ಮಳೆಯಲ್ಲಿ ದೋಣಿಯ ಮುಂದಿನ ಅಂಚನ್ನು ದಾಟಿ ನೀರು ಧುಮುಕುತ್ತದೆ

ಇದು ಎಲ್ಲಕ್ಕಿಂತ ಸಾಮಾನ್ಯವಾದ ಲಕ್ಷಣ, ಮತ್ತು ಎಲ್ಲಕ್ಕಿಂತ ಅಗ್ಗವಾಗಿ ಬಗೆಹರಿಯುವಂಥದು. ನೀರು ಎಲ್ಲಿ ಧುಮುಕುತ್ತಿದೆ ಎಂಬುದನ್ನು ಗಮನಿಸಿ. ಇಳಿಪೈಪಿನ ಬಾಯಿಯ ಹತ್ತಿರವೇ ಉಕ್ಕುತ್ತಿದ್ದರೆ ಬಾಯಿ ಕಟ್ಟಿದೆ. ಬಾಯಿಯಿಂದ ದೂರದಲ್ಲಿ, ಒಂದು ನಿರ್ದಿಷ್ಟ ಜಾಗದಲ್ಲಿ ಉಕ್ಕುತ್ತಿದ್ದು ಅದರಾಚೆ ದೋಣಿ ಬರಿದಾಗಿದ್ದರೆ ನಡುವೆ ಕಸದ ಒಡ್ಡು ಬಿದ್ದಿದೆ. ಉದ್ದಕ್ಕೂ ಒಂದೇ ಸಮ ಉಕ್ಕುತ್ತಿದ್ದರೆ ಪೈಪು ಒಳಗಡೆ ಕಟ್ಟಿರಬೇಕು, ಇಲ್ಲವೆ ದೋಣಿಯ ಅಳತೆಯೇ ಸಾಲದಾಗಿರಬೇಕು.

ಕಟ್ಟುವ ವಸ್ತು ಯಾವುದೆಂದು ತಿಳಿದರೆ ಸ್ವಚ್ಛ ಮಾಡುವ ಕಾಲವೂ ತಿಳಿಯುತ್ತದೆ. ಧಾರವಾಡದ ಪಶ್ಚಿಮದ ಅಂಚಿನಲ್ಲಿ ತೇಗದ ಮರವಿದ್ದರೆ ಅದರ ಒಂದೇ ಒಂದು ಎಲೆ ತಟ್ಟೆಯಂತೆ ಕುಳಿತು ಬಾಯಿಯನ್ನು ಪೂರ್ತಿ ಮುಚ್ಚಬಲ್ಲದು. ಬೇಸಗೆ ಬರುವ ಹೊತ್ತಿಗೆ ಅದು ಎಲೆ ಉದುರಿಸಿ ಮುಗಿಸಿರುತ್ತದೆ. ಬೇವಿನ ಎಲೆ ಹಾಗಲ್ಲ, ಸಣ್ಣದು, ಜಾಳಿಗೆಯ ಕಣ್ಣಿನಲ್ಲಿ ನುಸುಳಿ ಪೈಪಿನ ತಿರುವಿನಲ್ಲಿ ಚಾಪೆಯಂತೆ ಹೆಣೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮೋಸದ ಮರ ಗುಲ್‌ಮೊಹರ್. ಏಪ್ರಿಲಿನಲ್ಲಿ ದೋಣಿ ತೊಳೆದು ನಿಶ್ಚಿಂತರಾದವರ ಮನೆಯ ಮೇಲೆ ಅದು ಮೇ ತಿಂಗಳಿಡೀ ಹೂವಿನ ಎಸಳುಗಳನ್ನೂ ಸಣ್ಣ ಎಲೆಗಳನ್ನೂ ಉದುರಿಸುತ್ತದೆ. ಗದಗಿನ ಬಯಲಿನಲ್ಲಿ ಮರ ಕಡಿಮೆ, ಗಾಳಿ ಹೆಚ್ಚು. ಅಲ್ಲಿ ದೋಣಿಯನ್ನು ತುಂಬುವುದು ದೂಳು. ಮೊದಲ ಮಳೆಗೆ ಅದು ಕೆಸರಾಗಿ, ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗಿ, ಎರಡನೆಯ ಮಳೆಗೆ ಅದರಲ್ಲಿ ಹುಲ್ಲು ಮೊಳೆತಿರುತ್ತದೆ. ಹಾವೇರಿಯ ಕಡೆ ತಾರಸಿಯ ಮೇಲೆ ಮೆಣಸಿನಕಾಯಿ ಒಣಹಾಕಿದ ಮನೆಗಳಲ್ಲಿ ನೀರು ಹೋಗುವ ಕಂಡಿಯನ್ನು ಬಗೆದರೆ ತೊಟ್ಟು, ಬೀಜಗಳೇ ಮುಷ್ಟಿಗಟ್ಟಲೆ ಬರುತ್ತವೆ.

ಸ್ವಚ್ಛ ಮಾಡುವಾಗ ಮೊದಲು ಇಳಿಪೈಪಿನ ಬಾಯಿಗೆ ಹಳೆಯ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ದೋಣಿಯ ಕಸವನ್ನೆಲ್ಲ ನಾವೇ ಪೈಪಿಗೆ ತುಂಬಿದಂತಾಗುತ್ತದೆ. ಕಬ್ಬಿಣದ ಕರಣೆಯಿಂದ ಕೆರೆದರೆ ತಗಡಿನ ಸತುವಿನ ಲೇಪ ಹೋಗಿ ಮುಂದಿನ ವರ್ಷವೇ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ಕಿನ ಎಣ್ಣೆ ಡಬ್ಬಿಯನ್ನು ಓರೆಯಾಗಿ ಕತ್ತರಿಸಿಕೊಂಡರೆ ದೋಣಿಯ ಬಾಗಿಗೆ ಸರಿಯಾಗಿ ಕೂಡುವ ಚಮಚ ಸಿದ್ಧವಾಗುತ್ತದೆ. ತೆಗೆದ ಕಸವನ್ನು ಬಕೀಟಿಗೆ ಹಾಕಿ ಕೆಳಗಿಳಿಸಿ. ಅದನ್ನು ಮೇಲಿಂದಲೇ ಗಟಾರಕ್ಕೆ ಚೆಲ್ಲಿದರೆ ಓಣಿಯ ನೀರು ನಿಮ್ಮದೇ ಅಂಗಳಕ್ಕೆ ಬರುತ್ತದೆ. ಕಡೆಗೆ ಬಟ್ಟೆ ತೆಗೆದು, ದೂರದ ತುದಿಯಿಂದ ಎರಡು ಬಕೀಟು ನೀರು ಸುರಿದು, ಅದು ಎಲ್ಲಿಯೂ ನಿಲ್ಲದೆ ಬಾಯಿಗೆ ಬರುತ್ತದೆಯೇ ನೋಡಬೇಕು.

ಸ್ವಚ್ಛವಾಗಿದ್ದರೂ ಉಕ್ಕಿದರೆ ಲೆಕ್ಕ ಹಾಕಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 10 ಮೀಟರ್ ಉದ್ದ, 4 ಮೀಟರ್ ಅಗಲದ ಚಾವಣಿಯ ಮೇಲೆ ತಾಸಿಗೆ 50 ಮಿಲಿಮೀಟರ್ ವೇಗದಲ್ಲಿ ಮಳೆ ಬಿದ್ದರೆ ತಾಸಿಗೆ 2000 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 33 ಲೀಟರ್ ನೀರು ಒಂದೇ ಬಾಯಿಗೆ ಬರುತ್ತದೆ. ಅಂಥಲ್ಲಿ ಅಗ್ಗಕ್ಕೆ ಹಾಕಿದ ಎರಡು ಇಂಚಿನ ಪೈಪು ಏದುಸಿರು ಬಿಡುವುದು ಸಹಜ. ನಾಲ್ಕು ಇಂಚಿನ ಪೈಪಿನ ಬಾಯಿ ಅದರ ನಾಲ್ಕು ಪಟ್ಟು ದೊಡ್ಡದು. ದೋಣಿ ಬದಲಿಸುವುದಕ್ಕಿಂತ ಇನ್ನೊಂದು ತುದಿಗೆ ಮತ್ತೊಂದು ಇಳಿಪೈಪು ಕೂಡಿಸಿ, ಇಳಿಜಾರನ್ನು ನಡುವಿನಿಂದ ಎರಡೂ ಕಡೆಗೆ ಹಂಚುವುದು ಸಾಮಾನ್ಯವಾಗಿ ಕಡಿಮೆ ಖರ್ಚಿನ ದಾರಿ. ಎರಡು ಇಳಿಜಾರುಗಳು ಕೂಡುವ ಒಳಮೂಲೆಯ ಕೆಳಗೆ ಮಾತ್ರ ನೀರು ಹಾರುತ್ತಿದ್ದರೆ, ಅಲ್ಲಿ ದೋಣಿಯ ಮುಂದಿನ ಅಂಚಿಗೆ ಗೇಣುದ್ದದ ತಗಡಿನ ಅಡ್ಡಪಟ್ಟಿ ಕೂಡಿಸಿದರೆ ಸಾಕು.

ಲಕ್ಷಣ: ಇಳಿಪೈಪಿನಿಂದ ನೀರೇ ಬರುವುದಿಲ್ಲ, ಅಥವಾ ನಡುವಿನ ಕೀಲಿನಿಂದ ಚಿಮ್ಮುತ್ತದೆ

ದೋಣಿ ತುಂಬಿದ್ದು ಪೈಪಿನ ತಳದಲ್ಲಿ ಬೆರಳು ಗಾತ್ರದ ಧಾರೆ ಮಾತ್ರ ಬೀಳುತ್ತಿದ್ದರೆ ಒಳಗೆ ಕಟ್ಟಿದೆ. ಬೆರಳ ಗೆಣ್ಣಿನಿಂದ ಪೈಪನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಹೋಗಿ. ಖಾಲಿ ಇರುವಲ್ಲಿ ಟೊಳ್ಳು ಸದ್ದು, ಕಸ ನೀರು ತುಂಬಿದಲ್ಲಿ ಮಂಕು ಸದ್ದು. ಸದ್ದು ಬದಲಾಗುವ ಜಾಗ ಹೆಚ್ಚಾಗಿ ತಿರುವಿನಲ್ಲೇ ಇರುತ್ತದೆ. ಮೊದಲು ಕೆಳಗಿನ ತಿರುವನ್ನು ಬಿಚ್ಚಿ ಕೈಗೆ ಸಿಗುವ ಕಸ ತೆಗೆಯಿರಿ, ಅನಂತರ ತೋಟದ ಪೈಪನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ ನೀರು ಬಿಡಿ. ಮೇಲಿಂದ ನೀರಿನ ಒತ್ತಡ ಕೊಟ್ಟರೆ ಕಸ ಇನ್ನಷ್ಟು ಬಿಗಿಯುತ್ತದೆ, ಕೋಲು ಹಾಕಿ ಕುಟ್ಟಿದರೆ ಹಳೆಯ ಪಿವಿಸಿ ಸೀಳುತ್ತದೆ. ಕೀಲಿನಿಂದ ಚಿಮ್ಮುವ ನೀರೂ ಬಹುಪಾಲು ಕೀಲಿನ ದೋಷವಲ್ಲ. ಕೆಳಗೆ ದಾರಿ ಇಲ್ಲದ ನೀರು ಅಲ್ಲಿ ದಾರಿ ಹುಡುಕಿಕೊಂಡಿರುತ್ತದೆ. ಕೆಳಗಿನದನ್ನು ಬಿಡಿಸದೆ ಕೀಲಿಗೆ ಎಂ-ಸೀಲ್ ಮೆತ್ತಿದರೆ ಮುಂದಿನ ಮಳೆಗೆ ಅದರ ಮೇಲಿನ ಕೀಲು ಚಿಮ್ಮುತ್ತದೆ. ಗೋಡೆಯೊಳಗೆ ಹುದುಗಿಸಿದ ಪೈಪು ಕಟ್ಟಿದ್ದು ಒಳಗೋಡೆಯಲ್ಲಿ ತೇವ ಕಾಣಿಸಿದರೆ ಪ್ಲಂಬರನ್ನು ಕರೆಯಬೇಕು.

ಲಕ್ಷಣ: ಮಳೆ ನಿಂತು ಎರಡು ದಿನವಾದರೂ ದೋಣಿಯಲ್ಲಿ ನೀರಿದೆ

ಏಡಿಸ್ ಸೊಳ್ಳೆಯ ಮೊಟ್ಟೆ ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಡೆಂಗಿ ಹರಡುವ ಈ ಸೊಳ್ಳೆಗೆ ದೋಣಿಯ ತಗ್ಗಿನಲ್ಲಿ ನಿಂತ ಬೊಗಸೆ ನೀರು ಸಾಕು. ಸ್ವಚ್ಛ ಮಾಡಿಯೂ ನೀರು ನಿಲ್ಲುತ್ತಿದ್ದರೆ ಇಳಿಜಾರು ತಪ್ಪಿದೆ. 10 ಮೀಟರ್ ಉದ್ದದ ದೋಣಿ ಬಾಯಿಯ ಕಡೆಗೆ ಮೂರರಿಂದ ಐದು ಸೆಂಟಿಮೀಟರ್ ತಗ್ಗಿರಬೇಕು. ಗೌಂಡಿಗಳು ಬಳಸುವ ಪಾರದರ್ಶಕ ಲೆವಲ್ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿಗೆ ಹಿಡಿದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಣ್ಣಂದಾಜನ್ನು ನಂಬಬೇಡಿ, ಏಕೆಂದರೆ ಹಳೆಯ ಮನೆಯ ಸೂರೇ ಓರೆಯಾಗಿರುತ್ತದೆ. ದೋಣಿಯನ್ನು ಹಿಡಿದಿರುವ ಒಂದೆರಡು ಕೊಂಡಿಗಳನ್ನು ಎತ್ತಿ ಕೂಡಿಸಿದರೆ ಸರಿಹೋಗುವ ಕೆಲಸವಿದು. ತಗ್ಗು ಜಾಗದಲ್ಲಿ ತೂತು ಕೊರೆದು ನೀರು ಬಿಡುವವರೂ ಇದ್ದಾರೆ. ಆ ತೂತಿನ ಸುತ್ತ ತುಕ್ಕು ಹಿಡಿಯುವುದನ್ನು ಯಾರೂ ತಡೆಯಲಾರರು.

ಲಕ್ಷಣ: ಜಿಟಿಜಿಟಿ ಮಳೆಯಲ್ಲಿ ಒಂದೇ ಜಾಗದಿಂದ ತೊಟ್ಟಿಕ್ಕುತ್ತದೆ

ಇದು ನಿಜವಾದ ಸೋರಿಕೆ. ಪಿವಿಸಿಯಾದರೆ ಕೀಲನ್ನು ನೋಡಿ. ಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ: ನಾಲ್ಕು ಮೀಟರ್ ತುಂಡೊಂದು 30 ಡಿಗ್ರಿಯ ಅಂತರಕ್ಕೆ ಸುಮಾರು ಏಳು ಮಿಲಿಮೀಟರ್ ಉದ್ದವಾಗುತ್ತದೆ. ಆದ್ದರಿಂದಲೇ ರಬ್ಬರ್ ಪಟ್ಟಿ ಇಟ್ಟು ಸ್ವಲ್ಪ ಸಂದು ಬಿಟ್ಟು ಕೂಡಿಸಿದ ಕೀಲು ಬಾಳುತ್ತದೆ, ಅಂಟು ಹಾಕಿ ಬಿಗಿದದ್ದು ಮೇ ತಿಂಗಳ ಬಿಸಿಲು ಮತ್ತು ಜುಲೈ ತಂಪಿನ ನಡುವೆ ಬಿರಿಯುತ್ತದೆ. ರಬ್ಬರ್ ಪಟ್ಟಿ ಗಡುಸಾಗಿದ್ದರೆ ಅದನ್ನಷ್ಟೇ ಬದಲಿಸಿ.

ತಗಡಿನ ದೋಣಿಯಾದರೆ ತೊಟ್ಟಿಕ್ಕುವ ಜಾಗದ ನೇರ ಮೇಲೆ, ಒಳಗಡೆ, ತುಕ್ಕಿನ ಚುಕ್ಕೆ ಇರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿ. ಸುತ್ತಲ ತಗಡು ಗಟ್ಟಿಯಾಗಿದ್ದರೆ ತುಕ್ಕನ್ನು ಉಜ್ಜಿ, ಪೂರ್ತಿ ಒಣಗಿಸಿ, ಒಳಗಿನಿಂದ ಬಿಟುಮೆನ್ ಪಟ್ಟಿ ಅಂಟಿಸಬೇಕು. ಹೊರಗಿನಿಂದ ಹಚ್ಚಿದ ತೇಪೆಯನ್ನು ಒಳಗಿನ ನೀರೇ ತಳ್ಳಿ ಬೀಳಿಸುತ್ತದೆ. ಹಸಿ ಸಿಮೆಂಟು ಮೆತ್ತುವುದಂತೂ ಬೇಡ, ಅದರ ಕ್ಷಾರ ಸತುವನ್ನು ತಿನ್ನುತ್ತದೆ. ಮಳೆ ಬಿಡದೆ ಹಿಡಿದಾಗ ಒಣಗಿಸುವುದು ಅಸಾಧ್ಯವಾದ್ದರಿಂದ, ಅಲ್ಲಿಯವರೆಗೆ ತೂತಿಗೆ ದಪ್ಪ ದಾರವೊಂದನ್ನು ಕಟ್ಟಿ ಬಕೀಟಿಗೆ ಇಳಿಬಿಡಿ. ಹನಿ ದಾರಗುಂಟ ಸದ್ದಿಲ್ಲದೆ ಇಳಿಯುತ್ತದೆ, ರಾತ್ರಿಯ ನಿದ್ದೆ ಉಳಿಯುತ್ತದೆ. ಸ್ಕ್ರೂಡ್ರೈವರು ಎರಡು ಮೂರು ಕಡೆ ತಗಡನ್ನು ತೂರಿಕೊಂಡು ಹೋದರೆ ಮಾತ್ರ ಆ ತುಂಡನ್ನು ಬದಲಿಸುವ ಯೋಚನೆ ಮಾಡಿ.

ಲಕ್ಷಣ: ದೋಣಿ ಖಾಲಿ, ಆದರೆ ಗೋಡೆಗುಂಟ ನೀರು ಇಳಿಯುತ್ತದೆ

ಜನರನ್ನು ಹೆಚ್ಚು ದಾರಿ ತಪ್ಪಿಸುವ ಲಕ್ಷಣ ಇದೇ. ನಮ್ಮ ಮನೆಯಲ್ಲೇ ಹೀಗಾಯಿತು. ಮೇ ತಿಂಗಳಲ್ಲಿ ಕೂಡಿಸಿದ ಹೊಸ ದೋಣಿ ಅಡ್ಡಮಳೆಗಳಲ್ಲಿ ಚೆನ್ನಾಗಿಯೇ ಇತ್ತು. ಆರಿದ್ರೆ ಹಿಡಿದ ಮೂರನೆಯ ದಿನ ಪಡಸಾಲೆಯ ಗೋಡೆ ಕಪ್ಪಾಯಿತು. ದೋಣಿಯನ್ನೂ ಕೂಡಿಸಿದವರನ್ನೂ ಸಾಕಷ್ಟು ಬೈದ ಮೇಲೆ ಏಣಿ ಹತ್ತಿ ನೋಡಿದರೆ, ಕೊನೆಯ ಸಾಲಿನ ಹಂಚು ದೋಣಿಯ ಹಿಂದಿನ ಅಂಚಿನವರೆಗೂ ಬಂದಿರಲಿಲ್ಲ, ಎರಡು ಬೆರಳು ಕಡಿಮೆ ಇತ್ತು. ಜೋರು ಮಳೆಯಲ್ಲಿ ನೀರು ವೇಗದಿಂದ ಜಿಗಿದು ದೋಣಿಗೆ ಬೀಳುತ್ತದೆ. ನಿಧಾನದ ಮಳೆಯಲ್ಲಿ ಅದೇ ನೀರು ಹಂಚಿನ ತುದಿಗೆ ಅಂಟಿಕೊಂಡು, ಅಡಿಯಿಂದ ಹಿಂದಕ್ಕೆ ಸರಿದು, ಹಲಗೆಯ ಮೂಲಕ ಗೋಡೆಗೆ ಇಳಿಯುತ್ತದೆ. ಹಂಚಿನ ತುದಿ ದೋಣಿಯೊಳಗೆ ಸುಮಾರು ಐದು ಸೆಂಟಿಮೀಟರ್ ಚಾಚಿರಬೇಕು. ಚಾಚಿಲ್ಲದಿದ್ದರೆ ಕೊನೆಯ ಸಾಲಿನ ಅಡಿಗೆ ತಗಡಿನ ಪಟ್ಟಿ ತೂರಿಸಿ, ಅದರ ಇನ್ನೊಂದು ಅಂಚನ್ನು ದೋಣಿಯೊಳಕ್ಕೆ ಬಾಗಿಸಬೇಕು.

ದೋಣಿಯ ಹಿಂದಿನ ಅಂಚು ಮುಂದಿನದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿದೆಯೇ ಎಂಬುದನ್ನೂ ನೋಡಿ, ಉಕ್ಕುವ ನೀರು ಗೋಡೆಗೆ ಬೀಳದೆ ಅಂಗಳಕ್ಕೆ ಬೀಳುವಂತಾಗಬೇಕು. ಒದ್ದೆ ಸೂರಿನಿಂದ ದೂರ, ಗೋಡೆಯ ನಡುವೆ ಅಥವಾ ಒಳಕೋಣೆಯಲ್ಲಿದ್ದರೆ ದೋಷ ದೋಣಿಯದಲ್ಲ, ಹಂಚಿನದು. ಧಾರವಾಡದಲ್ಲಿ ಇದಕ್ಕೆ ಮಂಗಗಳೇ ಸಾಕು. ಒಂದು ಹಿಂಡು ಹಾದುಹೋದರೆ ಹತ್ತು ಹಂಚು ಸರಿದಿರುತ್ತವೆ. ಸೂರಿನ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗೆ ತಗ್ಗಿದರೆ ಮರ ಕೊಳೆತಿದೆ. ದೋಣಿಯನ್ನು ಮುಟ್ಟದೆ ಬಡಿಗರನ್ನು ಕರೆಯಿರಿ.

ಲಕ್ಷಣ: ದೋಣಿ ನಡುವೆ ಜೋತುಬಿದ್ದಿದೆ

ಆರು ಇಂಚು ಅಗಲದ ಅರ್ಧವೃತ್ತದ ದೋಣಿ ತುಂಬಿ ನಿಂತರೆ ಮೀಟರಿಗೆ ಸುಮಾರು ಒಂಬತ್ತು ಕಿಲೋ ಭಾರ. 10 ಮೀಟರಿಗೆ ಒಂದು ಚೀಲ ಜೋಳಕ್ಕೆ ಹತ್ತಿರದ ತೂಕ. ಕೊಂಡಿಗಳ ನಡುವೆ 60 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬಿಟ್ಟ ಪಿವಿಸಿ ದೋಣಿ ಈ ಭಾರ ತಾಳದೆ ಬಾಗುತ್ತದೆ. ಬಾಗಿದ ಕಡೆ ನಡುವೆ ಒಂದೊಂದು ಕೊಂಡಿ ಸೇರಿಸಿ. ಮೊಳೆ ಅದೇ ತೂತಿನಿಂದ ಮತ್ತೆ ಮತ್ತೆ ಕಳಚುತ್ತಿದ್ದರೆ ಉದ್ದನೆಯ ತಿರುಪು ಮೊಳೆಯನ್ನು ಪಕ್ಕದ ಗಟ್ಟಿ ಮರಕ್ಕೆ ಹಾಕಬೇಕು.

ಲಕ್ಷಣ: ಗೋಡೆಯ ಬುಡ ಒದ್ದೆ, ಅಥವಾ ಬಿರುಕು ಕಾಣಿಸಿದೆ

ಮೇಲೆ ಎಲ್ಲವೂ ಸರಿಯಿದ್ದು, ಇಳಿಪೈಪು ನೀರನ್ನು ಗೋಡೆಯ ಬುಡಕ್ಕೇ ಬಿಡುತ್ತಿದ್ದರೆ ಅದು ಕೂಡ ದೋಷವೇ. ಹುಬ್ಬಳ್ಳಿ, ನವಲಗುಂದ, ಗದಗ, ರೋಣದ ಎರೆಭೂಮಿಯಲ್ಲಿ ಇದು ಎಲ್ಲಕ್ಕಿಂತ ದುಬಾರಿ ದೋಷ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮನೆಯ ಒಂದು ಮೂಲೆಗೆ ಮಾತ್ರ ವರ್ಷವರ್ಷವೂ ನೀರುಣಿಸಿದರೆ ಆ ಮೂಲೆ ಉಳಿದ ಅಡಿಪಾಯದಿಂದ ಬೇರೆಯಾಗಿ ಏಳುತ್ತ ಇಳಿಯುತ್ತ ಇರುತ್ತದೆ. ಪೈಪಿನ ತುದಿಗೆ ತಿರುವು ಕೂಡಿಸಿ, ಕೆಳಗೆ ಫರಸಿ ಕಲ್ಲು ಹಾಸಿ, ನೀರನ್ನು ಗೋಡೆಯಿಂದ ಕನಿಷ್ಠ ನಾಲ್ಕೈದು ಅಡಿ ದೂರಕ್ಕೆ ಒಯ್ಯಬೇಕು. ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕು ಐದು ಮಿಲಿಮೀಟರ್ ದಾಟಿದರೆ, ಮೆಟ್ಟಿಲಿನಂತೆ ಓರೆಯಾಗಿ ಏರಿದರೆ, ಅಥವಾ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿದರೆ, ಇನ್ನು ದೋಣಿ ತಿದ್ದುವ ಮಾತಿಲ್ಲ, ಎಂಜಿನಿಯರರಿಗೆ ತೋರಿಸಬೇಕು.

ಮಣ್ಣಿನ ಗೋಡೆಯ ಮನೆಗಳ ಮಾತೇ ಬೇರೆ. ದಿನಗಟ್ಟಲೆ ತೋಯ್ದ ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬಿದರೆ, ಮೆತ್ತಿದ ಮಣ್ಣು ಹೆಂಟೆ ಹೆಂಟೆಯಾಗಿ ಉದುರಿದರೆ, ಯಾವ ಪರೀಕ್ಷೆಯನ್ನೂ ಮಾಡದೆ ಮನೆಮಂದಿಯನ್ನೂ ದನಕರುಗಳನ್ನೂ ಹೊರಗೆ ಕರೆತಂದು, ಗೋಡೆ ಒಣಗಿ ಗಟ್ಟಿಯಾಗಿದೆ ಎಂದು ಗೌಂಡಿ ನೋಡಿ ಹೇಳುವವರೆಗೆ ಒಳಗೆ ಮಲಗಬಾರದು.

ಲಕ್ಷಣ: ಜೋರು ಮಳೆ ಬಂದಾಗ ಬಚ್ಚಲಿನ ಜಾಳಿಗೆಯಿಂದ ಹೊಲಸು ನೀರು ಉಕ್ಕುತ್ತದೆ

ಮಳೆಯ ಪೈಪನ್ನು ಮನೆಯ ಒಳಚರಂಡಿಗೆ ಜೋಡಿಸಿದವರಿಗೆ ಹೆಚ್ಚಾಗಿ ಬರುವ ತೊಂದರೆಯಿದು. ಬಚ್ಚಲ ನೀರಿಗೆಂದು ಮಾಡಿದ ಕೊಳವೆಗೆ ನಿಮಿಷಕ್ಕೆ ಮೂವತ್ತು ಲೀಟರ್ ಮಳೆನೀರು ನುಗ್ಗಿದರೆ ಅದು ಹಿಂದಕ್ಕೆ ಬರದೆ ಎಲ್ಲಿಗೆ ಹೋದೀತು? ಜೋಡಣೆ ಬಿಡಿಸಿ ಮಳೆನೀರನ್ನು ಬೇರೆಯಾಗಿ ಅಂಗಳಕ್ಕೋ ತೊಟ್ಟಿಗೋ ಬಿಡಬೇಕು. ಗದಗಿನ ಕಡೆ ಗಡಸು ನೀರಿನಿಂದ ಬೇಸತ್ತ ಮನೆಗಳಲ್ಲಿ ಈ ನೀರನ್ನು ಕೂಡಿಡುವುದುಂಟು. ಹಾಗಿದ್ದರೆ 100 ಚದರ ಮೀಟರ್ ಚಾವಣಿಗೆ ಮೊದಲ 100 ಲೀಟರನ್ನಾದರೂ ಹೊರಗೆ ಬಿಟ್ಟು ಅನಂತರ ತೊಟ್ಟಿಗೆ ತಿರುಗಿಸಿ. ಸಿಮೆಂಟ್ ಪತ್ರಾಸಿನ ನೀರನ್ನು ಕುಡಿಯಲು ಬಳಸಬೇಡಿ.

ಯಾವಾಗ ಏನು

ಯುಗಾದಿಯ ನಂತರ, ಎಲೆ ಉದುರಿ ಮುಗಿದ ಮೇಲೆ, ಒಮ್ಮೆ ಪೂರ್ತಿ ಸ್ವಚ್ಛತೆ ಮತ್ತು ತುಕ್ಕಿನ ತಪಾಸಣೆ ಮಾಡಿ, ಏಕೆಂದರೆ ತೇಪೆ ಹಚ್ಚಲು ಬೇಕಾದ ಒಣ ಬಿಸಿಲು ಆಗಲೇ ಸಿಗುವುದು. ಮೇ ಕೊನೆಯ ವಾರ, ರೋಹಿಣಿ ಮಳೆಯ ಹೊತ್ತಿಗೆ, ಪೈಪಿನ ಬಾಯಿಯನ್ನಷ್ಟೇ ಮತ್ತೊಮ್ಮೆ ನೋಡಿ. ಮನೆಯ ಹತ್ತಿರ ಗುಲ್‌ಮೊಹರ್ ಇದ್ದವರು ಇದನ್ನು ಬಿಡಲೇಬಾರದು. ಗಣೇಶ ಚೌತಿಯ ಸುಮಾರಿಗೆ ಮಳೆ ಬಿಡುವು ಕೊಟ್ಟಾಗ ಹಿಂಗಾರಿಗೆಂದು ಇನ್ನೊಂದು ಸಲ ಕೈಯಾಡಿಸಿ, ಆಗ ಹಕ್ಕಿಗಳು ಬೀಳಿಸಿದ ಬೀಜದಿಂದ ಮೊಳೆತ ಅರಳಿ, ಆಲದ ಸಸಿಗಳನ್ನು ಬೇರುಸಹಿತ ಕಿತ್ತುಹಾಕಿ; ಆ ವರ್ಷ ಬಿಟ್ಟರೆ ಮರುವರ್ಷ ಅದರ ಬೇರು ಗಾರೆಯನ್ನು ಹೊಕ್ಕಿರುತ್ತದೆ. ದೀಪಾವಳಿ ಮುಗಿದ ಮೇಲೆ ದೋಣಿಯಲ್ಲಿ ಓಣಿಯ ಹುಡುಗರು ಹಾರಿಸಿದ ರಾಕೆಟ್ಟಿನ ಕಡ್ಡಿಗಳು ಬಿದ್ದಿರುತ್ತವೆ, ಅವನ್ನೂ ಆರಿಸಿಬಿಡಿ. ಪ್ಲಂಬರನ್ನೋ ತಗಡಿನ ಕೆಲಸದವರನ್ನೋ ಕರೆಯುವುದಿದ್ದರೆ ಏಪ್ರಿಲಿನಲ್ಲೇ ಕರೆಯಿರಿ, ಮಿರಗ (ಮೃಗಶಿರಾ ಮಳೆ) ಹೊಕ್ಕ ಮೇಲೆ ಅವರು ಊರಿನ ಎಲ್ಲ ಮನೆಗಳಿಗೂ ಏಕಕಾಲಕ್ಕೆ ಬೇಕಾಗಿರುತ್ತಾರೆ.